ಮರಿಕಾನಾ ಗೋಲಿಬಾರ್, 2012: ಹನ್ನೆರಡು ಸೆಕೆಂಡು ಮತ್ತು ಅದರ ಹಿಂದಿನ ರಾತ್ರಿ

ಬರಿಗೈಯಲ್ಲಿ ನಿಂತ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರೆ ಕಾನೂನು ಏನು ಹೇಳುತ್ತದೆ ಎಂದು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ 69 ಮಂದಿ ಸತ್ತರು. ಹಲವರಿಗೆ ಗುಂಡು ಬಿದ್ದದ್ದು ಬೆನ್ನಿಗೆ. ಅಲ್ಲಿ ವಾದಕ್ಕೆ ಏನೂ ಉಳಿದಿಲ್ಲ. ತಲೆ ಕೆಡಿಸುವ ಪ್ರಕರಣ ನಡೆದದ್ದು ಅದೇ ದೇಶದಲ್ಲಿ, ವರ್ಣಭೇದ ಆಡಳಿತ ಮುಗಿದು 18 ವರ್ಷವಾದ ಮೇಲೆ. 2012ರ ಆಗಸ್ಟ್ 16ರಂದು ರಸ್ಟನ್‌ಬರ್ಗ್ ಹತ್ತಿರದ ಮರಿಕಾನಾದಲ್ಲಿ, ಲಾನ್‌ಮಿನ್ ಕಂಪನಿಯ ಮುಷ್ಕರನಿರತ ಪ್ಲಾಟಿನಂ ಗಣಿ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿ 34 ಮಂದಿಯನ್ನು ಕೊಂದರು. 78 ಮಂದಿ ಗಾಯಗೊಂಡರು.

ಇಲ್ಲಿ ಗುಂಪಿನವರ ಕೈ ಖಾಲಿ ಇರಲಿಲ್ಲ. ಈಟಿ, ಮಚ್ಚು, ಗುಂಡುತಲೆಯ ದೊಣ್ಣೆ ಇದ್ದವು. ಮೂರು ದಿನ ಮೊದಲು ನಡೆದ ಘರ್ಷಣೆಯಲ್ಲಿ ಇಬ್ಬರು ಪೊಲೀಸರೂ ಮೂವರು ಮುಷ್ಕರನಿರತರೂ ಸತ್ತಿದ್ದರು. ಅದರ ಹಿಂದಿನ ದಿನ ಕಂಪನಿಯ ಇಬ್ಬರು ಕಾವಲುಗಾರರ ಕೊಲೆಯಾಗಿತ್ತು. ಕೆಲಸಕ್ಕೆ ಹೋಗುತ್ತಿದ್ದ ಕಾರ್ಮಿಕರೂ ಸೇರಿ 16ನೇ ತಾರೀಕಿಗೆ ಮುಂಚೆಯೇ ಹತ್ತು ಹೆಣ ಬಿದ್ದಿದ್ದವು. ‘ಇಂಥ ಗುಂಪು ಎದುರಿಗೆ ಬಂದರೆ ಪೊಲೀಸರು ಇನ್ನೇನು ಮಾಡಬೇಕಿತ್ತು?’ ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಳಬೇಕಾದ ಹೊತ್ತು ಬೇರೆ. ಬಂದೂಕಿನ ಕುದುರೆ ಎಳೆದ ಕ್ಷಣದಲ್ಲಿ ಪೊಲೀಸನ ಮುಂದೆ ಬೇರೆ ದಾರಿ ಇತ್ತೇ ಎಂಬುದನ್ನು ಮಾತ್ರ ನೋಡುತ್ತ ಕೂತರೆ ಮರಿಕಾನಾ ಅರ್ಥವಾಗುವುದಿಲ್ಲ. ದಾರಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದ್ದು ಹಿಂದಿನ ರಾತ್ರಿಯಿಂದ ಆ ಮಧ್ಯಾಹ್ನದವರೆಗಿನ ತೀರ್ಮಾನಗಳು.

ಯಾವ ಕಾನೂನು?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಗೋಲಿಬಾರ್ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು ಜಿನೀವಾ ಒಪ್ಪಂದಗಳನ್ನು ಎಳೆದು ತರುತ್ತಾರೆ. ಅವು ಯುದ್ಧಕ್ಕೆ, ಸಶಸ್ತ್ರ ಸಂಘರ್ಷಕ್ಕೆ ಅನ್ವಯಿಸುವ ನಿಯಮಗಳು. ಮರಿಕಾನಾದಲ್ಲಿ ಅಂಥದ್ದೇನೂ ಇರಲಿಲ್ಲ, ತುರ್ತು ಪರಿಸ್ಥಿತಿಯೂ ಘೋಷಣೆಯಾಗಿರಲಿಲ್ಲ. ಇದು ಅಪ್ಪಟ ಪೊಲೀಸ್ ಕೆಲಸ, ಅದಕ್ಕೆ ಮಾನವ ಹಕ್ಕುಗಳ ಕಾನೂನೇ ಅಳತೆಗೋಲು. ವ್ಯತ್ಯಾಸ ದೊಡ್ಡದು. ಯುದ್ಧದಲ್ಲಿ ಎದುರಾಳಿ ಯೋಧನನ್ನು ಅವನು ಆ ಕ್ಷಣಕ್ಕೆ ಏನೂ ಮಾಡದೆ ನಿಂತಿದ್ದರೂ ಹೊಡೆಯಬಹುದು. ಪೊಲೀಸ್ ಕೆಲಸದಲ್ಲಿ ಪ್ರತಿ ಗುಂಡಿಗೂ ಪ್ರತ್ಯೇಕ ಕಾರಣ ಕೊಡಬೇಕು.

ದಕ್ಷಿಣ ಆಫ್ರಿಕಾ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು 1998ರಲ್ಲಿ ಅನುಮೋದಿಸಿತ್ತು. ಅದರ 6ನೇ ವಿಧಿ ಜೀವದ ಹಕ್ಕು, 21ನೇ ವಿಧಿ ಶಾಂತಿಯುತವಾಗಿ ಸಭೆ ಸೇರುವ ಹಕ್ಕು. ಆಫ್ರಿಕಾದ ಮಾನವ ಹಕ್ಕುಗಳ ಸನ್ನದಿನ 4 ಮತ್ತು 11ನೇ ವಿಧಿಗಳದ್ದೂ ಅದೇ ಮಾತು. ಪೊಲೀಸ್ ಬಲದ ವಿವರ ಸಿಗುವುದು ವಿಶ್ವಸಂಸ್ಥೆಯ 1990ರ ಹವಾನಾ ಸಮ್ಮೇಳನ ಅಂಗೀಕರಿಸಿದ ಮೂಲ ತತ್ವಗಳಲ್ಲಿ. 9ನೇ ತತ್ವದಂತೆ ಬಂದೂಕು ಬಳಸಲು ಸಾವಿನ ಇಲ್ಲವೇ ಗಂಭೀರ ಗಾಯದ ಅಪಾಯ ಮುಖ್ಯ ಕಾರಣವಾಗಿರಬೇಕು. ಬೇಕೆಂದೇ ಕೊಲ್ಲುವ ಹೊಡೆತಕ್ಕೆ, ಜೀವ ಉಳಿಸಲು ಬೇರೆ ದಾರಿಯೇ ಇರಬಾರದು. 14ನೇ ತತ್ವ ಹಿಂಸಾತ್ಮಕ ಗುಂಪಿಗೂ ಇದನ್ನೇ ವಿಸ್ತರಿಸುತ್ತದೆ. 2ನೇ ತತ್ವ, ಹಂತಹಂತವಾಗಿ ಬಲ ಬಳಸಲು ಆಗುವಂತೆ ಬೇರೆಬೇರೆ ಸಾಧನಗಳನ್ನು ಮೊದಲೇ ಹೊಂದಿಸಿಕೊಳ್ಳಬೇಕು ಎನ್ನುತ್ತದೆ. 24ನೇ ತತ್ವ, ಗೊತ್ತಿದ್ದೂ ಅಥವಾ ಗೊತ್ತಿರಬೇಕಾಗಿದ್ದೂ ತಡೆಯದ ಮೇಲಧಿಕಾರಿಯನ್ನು ಹೊಣೆ ಮಾಡುತ್ತದೆ.

ಗುಂಪಿನ ಕೈಯಲ್ಲಿ ಆಯುಧವಿದ್ದರೆ 21ನೇ ವಿಧಿಯ ರಕ್ಷಣೆ ತೆಳುವಾಗಬಹುದು. 6ನೆಯದು ಹಾಗಲ್ಲ. ‘ಅವರು ಶಾಂತಿಯುತ ಪ್ರತಿಭಟನಾಕಾರರಲ್ಲ, ಆದ್ದರಿಂದ…’ ಎಂದು ಶುರುವಾಗುವ ವಾದ ಸಭೆಯ ಹಕ್ಕಿಗೆ ಮಾತ್ರ ತಗಲುತ್ತದೆ. ಜೀವದ ಹಕ್ಕು ಈಟಿ ಹಿಡಿದವನಿಗೂ ಇದೆ. ಪಕ್ಕದಲ್ಲಿ ನಿಂತವನು ಮೂರು ದಿನದ ಹಿಂದೆ ಕೊಲೆ ಮಾಡಿದ್ದ ಎಂಬ ಕಾರಣಕ್ಕೆ ಇವನ ಹಕ್ಕು ಕಡಿಮೆಯಾಗುವುದಿಲ್ಲ.

ಸಭೆಯ ಹಕ್ಕಿನ ಬಗ್ಗೆ ಆ ಒಡಂಬಡಿಕೆಯ ಪಾಲನೆಯನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಹೊರಡಿಸಿದ 37ನೇ ಸಾಮಾನ್ಯ ವ್ಯಾಖ್ಯಾನವನ್ನು ಮರಿಕಾನಾಕ್ಕೆ ನೇರವಾಗಿ ಅನ್ವಯಿಸುವವರಿದ್ದಾರೆ. ಸಭೆಗಳನ್ನು ನಿಯಂತ್ರಿಸಲು ಬಂದೂಕು ತಕ್ಕ ಸಾಧನವಲ್ಲ, ಗುಂಪು ಚದುರಿಸಲೆಂದೇ ಅದನ್ನು ಎಂದೂ ಬಳಸಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ, ನಿಜ. ಆದರೆ ಅದು ಬಂದದ್ದು 2020ರ ಜುಲೈನಲ್ಲಿ. 2012ರ ನಡವಳಿಕೆಯನ್ನು ಅಳೆಯಲು 6ನೇ ವಿಧಿ, 1990ರ ತತ್ವಗಳು ಮತ್ತು ಆ ದೇಶದ್ದೇ ಪೊಲೀಸ್ ಆದೇಶ ಸಾಕು. ಗುಂಪು ನಿಯಂತ್ರಣದಲ್ಲಿ ಜೀವಂತ ಗುಂಡನ್ನೂ ಸೀಸದ ಚರೆಗಳನ್ನೂ ಆಗ ಜಾರಿಯಲ್ಲಿದ್ದ 262ನೇ ಸ್ಥಾಯಿ ಆದೇಶವೇ ನಿಷೇಧಿಸಿತ್ತು. ಅಂದಹಾಗೆ, 37ನೇ ವ್ಯಾಖ್ಯಾನದ ಕರಡಿನ ಹೊಣೆ ಹೊತ್ತ ಕ್ರಿಸ್ಟಾಫ್ ಹೇನ್ಸ್ ದಕ್ಷಿಣ ಆಫ್ರಿಕಾದವರೇ. ಮರಿಕಾನಾ ನಡೆದಾಗ ಕಾನೂನುಬಾಹಿರ ಹತ್ಯೆಗಳ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದರು.

ರಾತ್ರಿಯ ತೀರ್ಮಾನ

ಮುಷ್ಕರ ಶುರುವಾದದ್ದು ಆಗಸ್ಟ್ 9–10ರ ಸುಮಾರಿಗೆ. ಬಂಡೆ ಕೊರೆಯುವ ಕಾರ್ಮಿಕರು ತಿಂಗಳಿಗೆ 12,500 ರಾಂಡ್ ಸಂಬಳ ಕೇಳಿದರು. ಅಲ್ಲಿನ ಕಾರ್ಮಿಕ ಕಾನೂನಿನಡಿ ರಕ್ಷಣೆ ಇಲ್ಲದ ಮುಷ್ಕರವದು. ಕಂಪನಿ ಮಾತುಕತೆಗೆ ಬರಲಿಲ್ಲ. ವಂಡರ್‌ಕಾಪ್ ಎಂಬ ಬಂಡೆಗುಡ್ಡದ ಮೇಲೆ ಕಾರ್ಮಿಕರು ಜಮಾಯಿಸತೊಡಗಿದರು. ಹಗಲಿನಲ್ಲಿ ಸುಮಾರು 3,000 ಮಂದಿ ಇರುತ್ತಿದ್ದರು, ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಉಳಿಯುತ್ತಿದ್ದವರು ಕೆಲವೇ ಮಂದಿ.

ಮುಂದಿನದ್ದೆಲ್ಲ ಈ ಏರಿಳಿತದ ಮೇಲೆಯೇ ನಿಂತಿದೆ. ಪೊಲೀಸರ ಮೊದಲ ಯೋಜನೆ ಇದನ್ನು ಗಮನಿಸಿಯೇ ಮಾಡಿದ್ದು: ಬೆಳಗಿನ ಜಾವ, ಗುಡ್ಡದ ಮೇಲೆ ಜನ ಕಡಿಮೆ ಇರುವಾಗ ಸುತ್ತಲೂ ಮುಳ್ಳುತಂತಿ ಬಿಡಿಸುವುದು, ಒಂದು ಬಾಗಿಲು ಉಳಿಸಿ ಒಬ್ಬೊಬ್ಬರನ್ನೇ ಹೊರಬಿಟ್ಟು ಆಯುಧ ತೆಗೆದುಕೊಳ್ಳುವುದು. ಯೋಜನೆಯಲ್ಲಿ ಲೋಪಗಳಿರಬಹುದು, ಆದರೆ ಜೀವಹಾನಿ ತಗ್ಗಿಸುವ ಲೆಕ್ಕಾಚಾರವಂತೂ ಅದರಲ್ಲಿತ್ತು.

ಆಗಸ್ಟ್ 15ರ ರಾತ್ರಿ ಪೊಲೀಸ್ ಇಲಾಖೆಯ ಉನ್ನತಾಧಿಕಾರಿಗಳು, ರಾಷ್ಟ್ರೀಯ ಆಯುಕ್ತೆ ರಿಯಾ ಫಿಯೇಗಾ ಅವರೂ ಇದ್ದ ಸಭೆಯಲ್ಲಿ, ಕಾರ್ಮಿಕರು ಆಯುಧ ಕೆಳಗಿಡದಿದ್ದರೆ ಮಾರನೇ ದಿನವೇ ಕಾರ್ಯಾಚರಣೆ ಎಂಬ ತೀರ್ಮಾನಕ್ಕೆ ಬೆಂಬಲ ಕೊಟ್ಟರು. ಅಷ್ಟು ಹೊತ್ತಿಗೆ ತೀರ್ಮಾನವಾದರೆ ಬೆಳಗಿನ ಜಾವದ ಸುತ್ತುವರಿಕೆಗೆ ಸಿದ್ಧತೆ ಸಾಧ್ಯವೇ ಇಲ್ಲ. ಹಾಗಾದರೆ 17ರ ಬೆಳಗ್ಗೆಗೆ ಮುಂದೂಡಬಹುದಿತ್ತು. ಮುಂದೂಡಲಿಲ್ಲ. 16ರ ಬೆಳಗ್ಗೆ ಪ್ರಾಂತೀಯ ಆಯುಕ್ತೆ, ಇಂದು ಇದನ್ನು ಮುಗಿಸುತ್ತೇವೆ ಎಂದು ಮಾಧ್ಯಮದವರ ಮುಂದೆ ಹೇಳಿಯೂಬಿಟ್ಟರು. ಅದೇ ದಿನಕ್ಕೆಂದು 4,000 ಹೆಚ್ಚುವರಿ ರೈಫಲ್ ಗುಂಡುಗಳಿಗೂ ನಾಲ್ಕು ಶವ ಸಾಗಿಸುವ ವಾಹನಗಳಿಗೂ ಬೇಡಿಕೆ ಹೋಯಿತು.

ಮಧ್ಯಾಹ್ನ 1.30ಕ್ಕೆ ಆದೇಶವಾಯಿತು. ಗುಡ್ಡದ ಮೇಲೆ ಅತಿ ಹೆಚ್ಚು ಜನ ಇರುವ ಹೊತ್ತದು. ಬೆಳಗಿನ ಜಾವದ ಯೋಜನೆ ಬಿದ್ದುಹೋದ್ದರಿಂದ ‘ಚದುರಿಸು, ನಿಶ್ಶಸ್ತ್ರಗೊಳಿಸು, ಬಂಧಿಸು’ ಎಂಬ ಹೊಸದನ್ನು ಅವಸರದಲ್ಲಿ ಹೊಂದಿಸಿ 2.30ಕ್ಕೆ ಕಮಾಂಡರ್‌ಗಳಿಗೆ ವಿವರಿಸಲಾಯಿತು. 3.40ಕ್ಕೆ ಮುಳ್ಳುತಂತಿಯ ಸುರುಳಿ ಬಿಚ್ಚತೊಡಗಿತು. 3.54ರ ಹೊತ್ತಿಗೆ ಗುಂಡು. ಹೊಸ ಯೋಜನೆಯ ವಿವರಣೆಗೂ ಮೊದಲ ಸಾವಿಗೂ ನಡುವೆ ಒಂದೂವರೆ ಗಂಟೆಯೂ ಇಲ್ಲ.

ನ್ಯಾಯಮೂರ್ತಿ ಇಯಾನ್ ಫಾರ್ಲಂ ನೇತೃತ್ವದ ವಿಚಾರಣಾ ಆಯೋಗದ ವರದಿ 2015ರ ಜೂನ್‌ನಲ್ಲಿ ಪ್ರಕಟವಾಯಿತು. ಮಧ್ಯಾಹ್ನ ಪರಿಸ್ಥಿತಿ ಬಿಗಡಾಯಿಸಿದ್ದರಿಂದ ಕಾರ್ಯಾಚರಣೆಗೆ ಇಳಿದೆವು ಎಂಬ ಪೊಲೀಸರ ಹೇಳಿಕೆಯನ್ನು ಆಯೋಗ ಒಪ್ಪಲಿಲ್ಲ. ತೀರ್ಮಾನ ಹಿಂದಿನ ರಾತ್ರಿಯೇ ಆಗಿತ್ತು, ಅದನ್ನು ಆಯೋಗದಿಂದ ಮುಚ್ಚಿಡುವ ಯತ್ನವೂ ನಡೆದಿತ್ತು ಎಂದಿತು. ಇಡೀ ವರದಿಯಲ್ಲಿ ಅಂತರರಾಷ್ಟ್ರೀಯ ಕಾನೂನಿನ ದೃಷ್ಟಿಯಿಂದ ಇದಕ್ಕಿಂತ ತೂಕದ ಸಂಗತಿ ಇನ್ನೊಂದಿಲ್ಲ.

ಏಕೆ ಎಂದು ತಿಳಿಯಲು 1995ರ ಮೆಕ್ಯಾನ್ ತೀರ್ಪು ನೋಡಬೇಕು. 1988ರಲ್ಲಿ ಜಿಬ್ರಾಲ್ಟರ್‌ನಲ್ಲಿ ಬ್ರಿಟಿಷ್ ಸೈನಿಕರು ಐಆರ್‌ಎ ಎಂಬ ಐರಿಷ್ ಸಶಸ್ತ್ರ ಸಂಘಟನೆಯ ಮೂವರು ಸದಸ್ಯರನ್ನು ಕೊಂದಿದ್ದರು. ಬಾಂಬ್ ಸಿಡಿಸಲು ಹೊರಟಿದ್ದಾರೆಂದು ಸೈನಿಕರು ಪ್ರಾಮಾಣಿಕವಾಗಿ ನಂಬಿದ್ದರು ಎಂಬುದನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಒಪ್ಪಿತು. ಆದರೂ 10–9ರ ಬಹುಮತದಿಂದ ಬ್ರಿಟನ್ ತಪ್ಪಿತಸ್ಥ ಎಂದಿತು. ಕಾರ್ಯಾಚರಣೆಯನ್ನು ರೂಪಿಸಿ ನಿಯಂತ್ರಿಸಿದ ರೀತಿಯಲ್ಲೇ ಜೀವದ ಹಕ್ಕಿನ ಉಲ್ಲಂಘನೆ ಕಂಡಿತು. ಆ ತೀರ್ಪು ದಕ್ಷಿಣ ಆಫ್ರಿಕಾಕ್ಕೆ ಕಟ್ಟುಪಾಡಲ್ಲ, ಆದರೆ ಯೋಜನೆಯ ಹಂತದ ಹೊಣೆ ಎಂಬ ತತ್ವ ಇಂದು ಮಾನವ ಹಕ್ಕುಗಳ ಸಮಿತಿಯ ಮತ್ತು ಆಫ್ರಿಕಾದ ಸನ್ನದಿನ ಪಾಲನೆ ನೋಡಿಕೊಳ್ಳುವ ಆಫ್ರಿಕಾ ಆಯೋಗದ ವ್ಯಾಖ್ಯಾನಗಳಲ್ಲೂ ಇದೆ. ಗುಂಡು ಹಾರಿಸಿದ ಪೊಲೀಸನಿಗೆ ಆತ್ಮರಕ್ಷಣೆಯ ನೆಪ ಸಿಕ್ಕರೂ ಸರ್ಕಾರಕ್ಕೆ ಬಿಡುಗಡೆ ಇಲ್ಲ ಎಂಬುದೇ ಅದರ ತಾತ್ಪರ್ಯ.

ಮೊದಲ ಜಾಗ

ಮುಳ್ಳುತಂತಿಯ ಸುರುಳಿಗಳನ್ನು ಶಸ್ತ್ರಸಜ್ಜಿತ ವಾಹನಗಳ ಹಿಂದೆ ಕಟ್ಟಿಕೊಂಡು ಎಳೆಯುತ್ತಿದ್ದರು. ಪೊಲೀಸರಿಗೂ ಗುಂಪಿಗೂ ನಡುವೆ ತಡೆ ಹಾಕುವುದು ಉದ್ದೇಶ. ಗುಡ್ಡ ಇಳಿದು ನ್ಕಾನೆಂಗ್ ವಸತಿಯ ಕಡೆಗೆ ಹೊರಟಿದ್ದ ಕಾರ್ಮಿಕರಿಗೆ ಅದೇ ತಂತಿ ತಮ್ಮ ದಾರಿ ಮುಚ್ಚುತ್ತಿರುವಂತೆ ಕಂಡಿತು. ಮುಂಚೂಣಿಯ ಗುಂಪು ಒಂದು ದನದ ದೊಡ್ಡಿಯನ್ನು ಬಳಸಿ ತಿರುಗಿತು. ಅಶ್ರುವಾಯು, ಸ್ಟನ್ ಗ್ರೆನೇಡ್, ರಬ್ಬರ್ ಗುಂಡು, ಜಲಫಿರಂಗಿ ಎಲ್ಲ ಪೊಲೀಸರ ಬಳಿ ಇದ್ದವು; ಆದರೆ ಇವುಗಳನ್ನು ಬಳಸಿದ್ದು ತಡವಾಗಿ, ತಪ್ಪು ಜಾಗದಲ್ಲಿ. ಗುಂಪು ದೊಡ್ಡಿಯ ಮೂಲೆ ದಾಟಿ ಹೊರಬಂದಾಗ ಎದುರಿಗೆ ಗುಂಪು ನಿಯಂತ್ರಣದ ತರಬೇತಿಯ ಪೊಲೀಸರಿರಲಿಲ್ಲ. ಆರ್‌5 ರೈಫಲ್ ಹಿಡಿದ ಟ್ಯಾಕ್ಟಿಕಲ್ ತಂಡ ಸಾಲುಗಟ್ಟಿ ನಿಂತಿತ್ತು.

ಆರ್‌5 ಎಂದರೆ 5.56 ಮಿಲಿಮೀಟರ್ ಗುಂಡಿನ ಸೈನಿಕ ರೈಫಲ್, ಇಸ್ರೇಲಿನ ಗಲೀಲ್ ಮಾದರಿಯಿಂದ ಬಂದದ್ದು, ಒಂದೇ ಎಳೆತಕ್ಕೆ ಸರಣಿ ಗುಂಡು ಹಾರಿಸಬಲ್ಲದು. ಅದರ ಗುಂಡು ಗುರಿ ತಪ್ಪಿದರೆ ಹಿಂದೆ ಇದ್ದವನಿಗೆ ತಗಲುತ್ತದೆ, ನೂರಾರು ಮೀಟರ್ ಆಚೆಗೂ ಕೊಲ್ಲುತ್ತದೆ. ಗುಂಪಿನ ಮುಂದೆ ಈ ಆಯುಧವನ್ನು ನಿಲ್ಲಿಸಿದ ಮೇಲೆ ‘ಅಪಾಯ ಒಡ್ಡಿದವನನ್ನು ಮಾತ್ರ ಹೊಡೆ’ ಎಂಬ ನಿಯಮ ಕಾಗದದಲ್ಲಷ್ಟೇ ಉಳಿಯುತ್ತದೆ.

ಎಂಟರಿಂದ ಹನ್ನೆರಡು ಸೆಕೆಂಡು. 300ಕ್ಕೂ ಹೆಚ್ಚು ಗುಂಡು. ನಲವತ್ತಕ್ಕೂ ಹೆಚ್ಚು ಪೊಲೀಸರ ಬಂದೂಕುಗಳು. ಗುಂಡು ನಿಲ್ಲಿಸಿ ಎಂದು ಕೂಗಿದ ಮೇಲೂ ಕೆಲವು ಹಾರಿದವು. ಈ ಜಾಗದ ಗೋಲಿಬಾರ್‌ನಲ್ಲಿ ಪ್ರಾಣ ಕಳೆದುಕೊಂಡವರು 17 ಮಂದಿ. ಕಾರ್ಮಿಕರ ಕಡೆಯಿಂದಲೂ ಪಿಸ್ತೂಲಿನ ಗುಂಡು ಹಾರಿತ್ತು. ಹೀಗಾಗಿ ಆ ಸಾಲಿನ ಪೊಲೀಸರಿಗೆ ಜೀವಭಯ ಉಂಟಾಗಲು ಸಕಾರಣವಿತ್ತು ಎಂದು ಆಯೋಗ ಒಪ್ಪಿತು. ಕೆಲವರು ಆತ್ಮರಕ್ಷಣೆಯ ಮಿತಿ ಮೀರಿರಬಹುದು ಎಂದೂ ಸೇರಿಸಿತು. ನಮ್ಮ ಓದಿನಲ್ಲಿ ಈ ಎರಡು ಮಾತಿನ ನಡುವೆ ವಿರೋಧವಿಲ್ಲ. ಮೊದಲ ಒಂದೆರಡು ಸೆಕೆಂಡಿನ ಕಾರಣ ಹತ್ತನೇ ಸೆಕೆಂಡಿಗೆ ಸಾಗುವುದಿಲ್ಲ. ಎದುರಿಗಿದ್ದವರು ಬಿದ್ದ ಮೇಲೆ, ತಿರುಗಿದ ಮೇಲೆ, ಧೂಳಿನಲ್ಲಿ ಯಾರೂ ಕಾಣದಾದ ಮೇಲೆ ಹಾರಿದ ಗುಂಡಿಗೆ 9ನೇ ತತ್ವದಲ್ಲಿ ಜಾಗವಿಲ್ಲ.

ಟರ್ಕಿಯ ಗುಲೆಚ್ ಪ್ರಕರಣದೊಂದಿಗೆ (1998ರ ತೀರ್ಪು) ಇದನ್ನು ಹೋಲಿಸಬಹುದು. ಅಲ್ಲಿ ಪ್ರತಿಭಟನೆ ಚದುರಿಸಲು ಶಸ್ತ್ರಸಜ್ಜಿತ ವಾಹನದಿಂದ ಗುಂಡು ಹಾರಿಸಿದರು; ಲಾಠಿ, ಗುರಾಣಿ, ಜಲಫಿರಂಗಿ, ಅಶ್ರುವಾಯು ಒಂದೂ ಇರಲಿಲ್ಲ. ಆ ಕೊರತೆಯನ್ನು ಯುರೋಪಿನ ಅದೇ ನ್ಯಾಯಾಲಯ ಕ್ಷಮಿಸಲಿಲ್ಲ. ಮರಿಕಾನಾದಲ್ಲಿ ಸಾಧನಗಳೆಲ್ಲ ಇದ್ದವು, ಬೇಕಾದ ಹೊತ್ತಿಗೆ ಬೇಕಾದ ಕಡೆ ಇರಲಿಲ್ಲ. ಸತ್ತವನಿಗೆ ಎರಡೂ ಒಂದೇ.

ಎರಡನೇ ಜಾಗ

ಟಿವಿಯಲ್ಲಿ ಜಗತ್ತು ನೋಡಿದ್ದು ಮೊದಲ ಜಾಗವನ್ನು. ಕಾನೂನಿನ ದೃಷ್ಟಿಯಿಂದ ಹೆಚ್ಚು ಗಂಭೀರವಾದದ್ದು ಕ್ಯಾಮೆರಾಗಳಿಂದ ದೂರ, ಸುಮಾರು 500 ಮೀಟರ್ ಆಚೆಯ ಸಣ್ಣ ಬಂಡೆಗುಡ್ಡದ ಬಳಿ ನಡೆಯಿತು.

ಮೊದಲ ಗೋಲಿಬಾರ್ ಆಗಿ ಸುಮಾರು ಕಾಲು ಗಂಟೆ ಕಳೆದಿತ್ತು. ಓಡಿಹೋದ ಕಾರ್ಮಿಕರು ಬಂಡೆಗಳ ಸಂದಿಯಲ್ಲಿ, ಪೊದೆಗಳಲ್ಲಿ ಅಡಗಿದ್ದರು. ಟ್ಯಾಕ್ಟಿಕಲ್ ತಂಡ, ರಾಷ್ಟ್ರೀಯ ಹಸ್ತಕ್ಷೇಪ ಘಟಕ, ಶ್ವಾನದಳ, ಗುಂಪು ನಿಯಂತ್ರಣ ಪಡೆ, ಎಲ್ಲರೂ ಬೇರೆಬೇರೆ ದಿಕ್ಕಿನಿಂದ ಆ ಗುಡ್ಡವನ್ನು ಮುತ್ತಿದರು. ಎಲ್ಲರ ಮೇಲೂ ಒಬ್ಬನೇ ಕಮಾಂಡರ್ ಎಂಬ ಏರ್ಪಾಡು ಇರಲಿಲ್ಲ. ಎದುರು ದಿಕ್ಕಿನಿಂದ ಬಂದ ತಮ್ಮವರದೇ ಗುಂಡನ್ನು ಕಾರ್ಮಿಕರದ್ದೆಂದು ಭಾವಿಸಿ ಮರುಗುಂಡು ಹಾರಿಸುವ ಸಾಧ್ಯತೆ ಇಂಥ ಜೋಡಣೆಯಲ್ಲೇ ಅಡಗಿದೆ. ಅಲ್ಲಿಯೂ 17 ಸಾವು. ಇಲ್ಲಿ ನುಗ್ಗಿಬಂದ ಗುಂಪು ಎಂಬ ಮಾತಿಗೆ ಅವಕಾಶವೇ ಇಲ್ಲ. ಅಡಗಿದವರನ್ನು ಸುತ್ತುವರಿದು, ಕಾದು, ಶರಣಾಗಲು ಹೇಳಲು ಸಮಯವೂ ಇತ್ತು, ಸಂಖ್ಯಾಬಲವೂ ಇತ್ತು.

ಮೊದಲ ಜಾಗದಲ್ಲಿ ಜನ ಸತ್ತ ಸುದ್ದಿ ತಮಗೆ ತಲುಪಿರಲಿಲ್ಲ ಎಂದು ಕಾರ್ಯಾಚರಣೆ ನಡೆಸುತ್ತಿದ್ದ ಹಿರಿಯ ಅಧಿಕಾರಿಗಳು ಸಾಕ್ಷ್ಯ ನುಡಿದರು. ನಿಜವೇ ಆಗಿದ್ದರೂ ಅದು ರಕ್ಷಣೆಯಾಗುವುದಿಲ್ಲ. ಗುಂಡು ಹಾರಿದರೆ ತಕ್ಷಣ ಎಲ್ಲವನ್ನೂ ನಿಲ್ಲಿಸಿ ವರದಿ ಪಡೆಯುವ ವ್ಯವಸ್ಥೆ ಇಲ್ಲದೆ ಏಳುನೂರಕ್ಕೂ ಹೆಚ್ಚು ಪೊಲೀಸರನ್ನು ಬಯಲಿಗಿಳಿಸಿದ್ದೇ ಲೋಪ. ಮೊದಲ ಗೋಲಿಬಾರ್ ಆದೊಡನೆ ಕಾರ್ಯಾಚರಣೆ ನಿಲ್ಲಿಸಬೇಕಿತ್ತು ಎಂದು ಆಯೋಗವೂ ಹೇಳಿತು.

ಗಾಯಾಳುಗಳ ಕಥೆ ಇದಕ್ಕೆ ಹೊಂದಿಕೊಂಡದ್ದು. ಎಷ್ಟು ಸಾಧ್ಯವೋ ಅಷ್ಟು ಬೇಗ ಚಿಕಿತ್ಸೆ ಒದಗಿಸಬೇಕು ಎಂಬುದು 5ನೇ ತತ್ವದ ಭಾಗ. ವೈದ್ಯಕೀಯ ಸಿಬ್ಬಂದಿಯನ್ನು ಕರೆದುಕೊಂಡು ಬರುತ್ತಿದ್ದ ತಂಡ ಮೊದಲ ಜಾಗಕ್ಕೆ ಬರುವ ಬದಲು ಎರಡನೇ ಗುಡ್ಡದ ಕಾರ್ಯಾಚರಣೆಯಲ್ಲಿ ಸೇರಿಕೊಂಡಿತು. ಬಯಲಲ್ಲಿ ರಕ್ತ ಸುರಿಸುತ್ತ ಬಿದ್ದವರು ಹೆಚ್ಚುಕಡಿಮೆ ಒಂದು ಗಂಟೆ ಕಾದರು. ತೊಡೆಯ ರಕ್ತನಾಳ ಹರಿದವನಿಗೆ ಒಂದು ಗಂಟೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಪಕ್ಕದಲ್ಲೇ ನಿಂತ ಪೊಲೀಸ್ ಒಂದು ಪಟ್ಟಿ ಬಿಗಿದು ಒತ್ತಿ ಹಿಡಿದಿದ್ದರೂ ಕೆಲಸವಾಗುತ್ತಿತ್ತು.

ತನಿಖೆ ಕೆಟ್ಟದ್ದು ಹೇಗೆ

ಜೀವದ ಹಕ್ಕಿಗೆ ಇನ್ನೊಂದು ಮುಖವಿದೆ. ಸರ್ಕಾರದ ಕೈಯಿಂದ ಸಾವಾದರೆ ತ್ವರಿತ, ಸ್ವತಂತ್ರ, ಪರಿಣಾಮಕಾರಿ ತನಿಖೆ ನಡೆಯಬೇಕು. ತನಿಖೆ ಕೆಟ್ಟರೆ ಅದೇ ಪ್ರತ್ಯೇಕ ಉಲ್ಲಂಘನೆ.

ಮರಿಕಾನಾದಲ್ಲಿ ಮೊದಲು ಕೆಟ್ಟದ್ದು ಘಟನಾಸ್ಥಳ. ಎರಡನೇ ಗುಡ್ಡದ ಬಳಿ ಒಂದೇ ಶವದ ಎರಡು ಪೊಲೀಸ್ ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ, ಮೊದಲು ತೆಗೆದದ್ದರಲ್ಲಿ ಇಲ್ಲದ ಆಯುಧ ನಂತರ ತೆಗೆದದ್ದರಲ್ಲಿ ಕೈಯ ಬಳಿ ಕಾಣಿಸಿತು. ಎರಡನೆಯದು ಹೇಳಿಕೆಗಳು. ಗುಂಡು ಹಾರಿಸಿದವರನ್ನು ಅಂದೇ ಪ್ರತ್ಯೇಕಿಸಿ, ಒಬ್ಬೊಬ್ಬರಿಂದ ಎಷ್ಟು ಗುಂಡು, ಯಾರ ಮೇಲೆ, ಏಕೆ ಎಂದು ಬರೆಸಿಕೊಳ್ಳುವುದು ಸರಿಯಾದ ಕ್ರಮ. ಇಲ್ಲಿ ಕೆಲವೇ ದಿನಗಳಲ್ಲಿ ಪೊಚೆಫ್‌ಸ್ಟ್ರೂಮ್‌ನಲ್ಲಿ ಪೊಲೀಸರು ಒಂದು ವಾರಕ್ಕೂ ಹೆಚ್ಚು ಕಾಲ ಒಟ್ಟಿಗೆ ಕೂತು ತಮ್ಮ ಪ್ರಕರಣವನ್ನು ಸಿದ್ಧಪಡಿಸಿಕೊಂಡರು. ಹಾಗೆ ಕೂತೆದ್ದ ಮೇಲೆ ಬರುವ ಹೇಳಿಕೆಗಳಲ್ಲಿ ನೆನಪು ಎಲ್ಲಿ ಮುಗಿದು ಹೊಂದಾಣಿಕೆ ಎಲ್ಲಿ ಶುರುವಾಯಿತೆಂದು ಯಾವ ನ್ಯಾಯಾಧೀಶರೂ ಹೇಳಲಾರರು. ಮೂರನೆಯದು ಆಯುಧದ ಗುಣವೇ: ಆರ್‌5ರ ಗುಂಡು ದೇಹದೊಳಗೆ ಚೂರುಚೂರಾಗುತ್ತದೆ. ಯಾವ ಗುಂಡು ಯಾವ ಬಂದೂಕಿನದ್ದೆಂದು ಹೊಂದಿಸಲು ಆಗಲಿಲ್ಲ. ಗುಂಪು ನಿಯಂತ್ರಣದಿಂದ ಆ ರೈಫಲನ್ನು ಹಿಂತೆಗೆಯಬೇಕು ಎಂದು ಆಯೋಗ ಶಿಫಾರಸು ಮಾಡಿದ್ದರ ಹಿಂದೆ ಮಾರಕತೆ ಮಾತ್ರವಲ್ಲ, ಈ ಲೆಕ್ಕ ಸಿಗದ ಸ್ಥಿತಿಯೂ ಇದೆ.

ಇದರ ನಡುವೆ ಪ್ರಾಸಿಕ್ಯೂಷನ್ ಒಂದು ವಿಚಿತ್ರ ಹೆಜ್ಜೆ ಇಟ್ಟಿತು. ‘ಸಮಾನ ಉದ್ದೇಶ’ದ ಸಿದ್ಧಾಂತವನ್ನು (ಒಂದೇ ಉದ್ದೇಶಕ್ಕೆ ಸೇರಿದ ಗುಂಪಿನಲ್ಲಿ ಒಬ್ಬರ ಕೃತ್ಯಕ್ಕೆ ಎಲ್ಲರೂ ಹೊಣೆ ಎಂಬುದು) ಹಿಡಿದು, ಬಂಧಿತರಾದ 270 ಕಾರ್ಮಿಕರ ಮೇಲೆಯೇ ಆ 34 ಮಂದಿಯ ಕೊಲೆ ಆರೋಪ ಹೊರಿಸಿತು. ವರ್ಣಭೇದದ ದಿನಗಳಲ್ಲಿ ಗುಂಪಿನ ಮೇಲೆ ಪ್ರಯೋಗಿಸುತ್ತಿದ್ದ ಸಾಧನವದು. ಗದ್ದಲವೆದ್ದು, ಸೆಪ್ಟೆಂಬರ್ 2ರಂದು ಆರೋಪವನ್ನು ತಾತ್ಕಾಲಿಕವಾಗಿ ಹಿಂಪಡೆದರು.

ಇಂಥ ಪ್ರಕರಣವನ್ನು ಪರಿಶೀಲಿಸುವವರು ವಿಡಿಯೊದಿಂದ ಶುರು ಮಾಡುವುದು ಸಾಮಾನ್ಯ. ನಾವು ತಿರುವುಮುರುವು ಮಾಡುತ್ತೇವೆ. ಮೊದಲು ತೀರ್ಮಾನ ಕೈಗೊಂಡ ಸಭೆಯ ದಾಖಲೆ, ಆಮೇಲೆ ಗುಂಡು ಮತ್ತು ಆಯುಧ ವಿತರಣೆಯ ರಿಜಿಸ್ಟರ್, ನಂತರ ಯೋಜನೆಯ ಪ್ರತಿ ಆವೃತ್ತಿ ಯಾವ ಹೊತ್ತಿಗೆ ಬದಲಾಯಿತು ಎಂಬುದು, ವೈದ್ಯಕೀಯ ವ್ಯವಸ್ಥೆಯ ಕಾಗದ, ವೈರ್‌ಲೆಸ್ ದಾಖಲೆ. ಇವುಗಳ ಸಮಯವನ್ನು ಒಂದೇ ಗಡಿಯಾರಕ್ಕೆ ಹೊಂದಿಸಿಕೊಂಡ ಮೇಲೆ ವಿಡಿಯೊ, ಕೊನೆಗೆ ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಹೊಕ್ಕ ದಿಕ್ಕು. ಬೇರೆಬೇರೆ ಕ್ಯಾಮೆರಾಗಳ ಗಡಿಯಾರ ಕೆಲವು ನಿಮಿಷ ಹಿಂದೆಮುಂದೆ ಇರುವುದು ಮಾಮೂಲು. ಸರಿಪಡಿಸದೆ ಜೋಡಿಸಿದರೆ ಯಾರು ಮೊದಲು ಹೊಡೆದರು ಎಂಬ ಕಥೆಯೇ ಬದಲಾಗುತ್ತದೆ.

ಯಾರ ಮುಂದೆ ಹೋಗಬಹುದು

ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಎಂದು ತಟ್ಟನೆ ಹೇಳುವವರುಂಟು. ದಕ್ಷಿಣ ಆಫ್ರಿಕಾ ಅದರ ಸದಸ್ಯ, ನಿಜ. ಆದರೆ ಅದು ವಿಚಾರಿಸುವ ‘ಮಾನವತೆಯ ವಿರುದ್ಧದ ಅಪರಾಧ’ ಎನ್ನಲು ನಾಗರಿಕರ ಮೇಲೆ ವ್ಯಾಪಕವಾದ ಅಥವಾ ವ್ಯವಸ್ಥಿತವಾದ ದಾಳಿ ಇರಬೇಕು, ಅದರ ಹಿಂದೆ ಸರ್ಕಾರದ ನೀತಿ ಇರಬೇಕು. ಒಂದು ಮಧ್ಯಾಹ್ನದ ಕಾರ್ಯಾಚರಣೆಯನ್ನು ಆ ಚೌಕಟ್ಟಿಗೆ ಕೂರಿಸುವುದು ಕಷ್ಟ. ಸುಲಭವಾಗಿ ತೆರೆಯುವ ಬಾಗಿಲುಗಳು ಬೇರೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯಡಿ ವೈಯಕ್ತಿಕ ದೂರಿಗೆ ಅವಕಾಶ ಕೊಡುವ ಐಚ್ಛಿಕ ಪ್ರೋಟೊಕಾಲನ್ನು ದಕ್ಷಿಣ ಆಫ್ರಿಕಾ 2002ರಲ್ಲಿ ಒಪ್ಪಿದ್ದರಿಂದ, ದೇಶದೊಳಗಿನ ದಾರಿಗಳು ಮುಗಿದ ಮೇಲೆ ಅಥವಾ ಅವು ಅತಿಯಾಗಿ ಎಳೆದಾಡಿದಾಗ ಮಾನವ ಹಕ್ಕುಗಳ ಸಮಿತಿಗೆ ಹೋಗಬಹುದು. ಆಫ್ರಿಕಾ ಆಯೋಗವೂ ಇದೆ. 2016ರಲ್ಲಿ ದಕ್ಷಿಣ ಆಫ್ರಿಕಾದ ವರದಿಯನ್ನು ಪರಿಶೀಲಿಸಿದಾಗ ಸಮಿತಿ ಮರಿಕಾನಾದ ಹೆಸರೆತ್ತಿಯೇ ಕಳವಳ ವ್ಯಕ್ತಪಡಿಸಿತು.

ದೇಶದೊಳಗೆ ಆದದ್ದಿಷ್ಟು: ರಾಷ್ಟ್ರೀಯ ಆಯುಕ್ತೆಯ ಅರ್ಹತೆ ಪರಿಶೀಲಿಸಿದ ಮಂಡಳಿ, ಅವರು ಹುದ್ದೆಗೆ ತಕ್ಕವರಲ್ಲ ಎಂದಿತು. ಹಿಂದಿನ ದಿನಗಳ ಸಾವುಗಳ ಬಗ್ಗೆ ಕೆಲವು ಪೊಲೀಸರ ಮೇಲೆ ಮೊಕದ್ದಮೆ ನಡೆಯಿತು. ಆಗಸ್ಟ್ 16ರ ಆ 34 ಸಾವುಗಳಿಗೆ ಸಂಬಂಧಿಸಿದಂತೆ, ಆಯೋಗದ ವರದಿ ಬಂದು ಹತ್ತು ವರ್ಷ ಕಳೆದರೂ ಗುಂಡು ಹಾರಿಸಿದ ಒಬ್ಬರಿಗೂ, ರಾತ್ರಿ ತೀರ್ಮಾನ ಕೈಗೊಂಡ ಒಬ್ಬರಿಗೂ ಶಿಕ್ಷೆಯಾಗಿರಲಿಲ್ಲ. ಗುಂಡು ಹಾರಿಸಿದವರ ವಿಷಯದಲ್ಲಿ ಚೂರಾದ ಗುಂಡು, ಒಟ್ಟಿಗೆ ಬರೆದ ಹೇಳಿಕೆ ಅಡ್ಡ ಬರುತ್ತವೆ. ಮೇಲಿನವರ ವಿಷಯದಲ್ಲಿ ಆ ಅಡ್ಡಿ ಇಲ್ಲ. ಯಾರ ಗುಂಡು ಯಾರಿಗೆ ತಗಲಿತೆಂದು ತಿಳಿಯದಿದ್ದರೂ, ಶವವಾಹನಗಳಿಗೆ ಬೇಡಿಕೆ ಹೋದ ದಿನ ಕಾರ್ಯಾಚರಣೆಗೆ ಒಪ್ಪಿಗೆ ಕೊಟ್ಟವರು ಯಾರೆಂಬುದು ಎಲ್ಲರಿಗೂ ಗೊತ್ತು.